ಜೆರ್ಟ್ರೂಡ್ ಬಾಯಿ ಕಲಿಸಿದ ಸ್ವರ

ವೆನಿಸ್ಸಾ ಹುಟ್ಟಿದ ಮನೆಗೆ ಹನ್ನೆರಡು ವರ್ಷದ ಮೇಲೆ ಕಾಲಿಟ್ಟದ್ದು ಹೋಂ ನರ್ಸ್ ಆಗಿ. ಹಾಗೆ ಬರಬೇಕೆಂದು ಬಂದದ್ದಲ್ಲ. ಸೀತಾಂಗೋಳಿಯಲ್ಲಿ ಬಸ್ಸಿಳಿದು, ಬ್ಯಾಗು ಹೆಗಲಿಗೆ ಹಾಕಿ, ಕೆಂಪುಕಲ್ಲಿನ ಕೋರೆಯ ಪಕ್ಕದ ಮಣ್ಣುರಸ್ತೆಯಲ್ಲಿ ನಡೆಯುವಷ್ಟು ಹೊತ್ತೂ ಅವಳು ಬಾಯಿಪಾಠ ಮಾಡುತ್ತಿದ್ದದ್ದು ಬೇರೆಯೇ ಮಾತು. ಮಮ್ಮಿ, ಬಂದವಳು ನಾನೇ, ಹೆದರಬೇಡ, ನಾನು ಮೊದಲಿನ ಹಾಗಿಲ್ಲ ಎಂದು ಶುರುಮಾಡಿ ಅಳದೆ ಮುಗಿಸಬಹುದಾದಷ್ಟು ಮಾತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇಲ್ಲಿ ದೈವವನ್ನು ಎಳೆದು ತರುವ ಅಗತ್ಯವೇ ಇರಲಿಲ್ಲ, ಅಕ್ಕ ಶಾಲೆಟ್ ಒಬ್ಬಳೇ ಸಾಕಾಗಿದ್ದಳು.

ವೆನಿಸ್ಸಾ ಹುಟ್ಟಿದಾಗ ಇಗರ್ಜಿಯ ಪುಸ್ತಕದಲ್ಲಿ ಬರೆದ ಹೆಸರು ಎಲ್ರೊಯ್. ಕಲ್ಲು ಸಾಗಿಸುವ ಲಾರಿಯ ಡ್ರೈವರ್ ಜೊಕಿಮ್‌ಗೂ ಇಗರ್ಜಿಯ ಗಾಯನ ತಂಡ ನಡೆಸುತ್ತಿದ್ದ ಜೆರ್ಟ್ರೂಡ್ ಬಾಯಿಗೂ ಒಬ್ಬನೇ ಮಗ. ಊರಿನವರು ಹಾಗೆ ತಿಳಿದಿದ್ದರು. ಹತ್ತೊಂಬತ್ತಕ್ಕೆ ಮನೆ ಬಿಟ್ಟು ಎರ್ನಾಕುಳಂ ಸೇರಿದಳು, ದೊಡ್ಡ ಬಟ್ಟೆ ಅಂಗಡಿಯ ಗೋದಾಮಿನಲ್ಲಿ ಯಾರ ಹತ್ತಿರವೂ ಬಾಯಿ ಬಿಡಬೇಕಾಗಿಲ್ಲದ ಕೆಲಸ ಹಿಡಿದಳು. ಅಪ್ಪ ತೀರಿಕೊಂಡಾಗ ಬರಲಿಲ್ಲ. ಅಷ್ಟರಲ್ಲಿ ಕೂದಲು ಬೆನ್ನಿಗೆ ಇಳಿದಿತ್ತು, ಹಾರ್ಮೋನಿನ ಮಾತ್ರೆ ಶುರುವಾಗಿತ್ತು, ಗುರುತಿನ ಚೀಟಿಯಲ್ಲಿ ವೆನಿಸ್ಸಾ ಎಂದು ಬರೆಸಿ ಆಗಿತ್ತು. ಆ ಮುಖ ಹೊತ್ತು ಅಪ್ಪನ ಶವದ ಮುಂದೆ ನಿಲ್ಲುವ ಧೈರ್ಯ ಬರಲಿಲ್ಲ, ಅಷ್ಟೆ.

ಮಾತ್ರೆ ಮೈಯನ್ನು ಮೆತ್ತಗೆ ಮಾಡಿತು. ಗಡ್ಡದ ಕಾಟ ಲೇಸರಿನಲ್ಲಿ ಹೋಯಿತು. ಗಂಟಲು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಹದಿಮೂರರಲ್ಲಿ ಒಡೆದ ಸ್ವರವನ್ನು ಯಾವ ಮಾತ್ರೆಯೂ ಮತ್ತೆ ಕೂಡಿಸುವುದಿಲ್ಲವಂತೆ. ಬಸ್ಸಿನಲ್ಲಿ ಅವಳ ಚೂಡಿದಾರ ನೋಡಿ ಪಕ್ಕದಲ್ಲಿ ಜಾಗ ಕೊಟ್ಟ ಹೆಂಗಸರು, ಅವಳು ಟಿಕೆಟು ಕೇಳಿದ ಕೂಡಲೇ ಸೆರಗು ಎಳೆದುಕೊಂಡು ಸರಿದು ಕೂರುತ್ತಿದ್ದರು. ಹಾಗಾಗಿ ಅವಳು ಬೇಕಾದ್ದನ್ನು ಬೆರಳಲ್ಲಿ ತೋರಿಸಿ, ತಲೆಯಾಡಿಸಿ, ಮೂಕಿಯ ಹಾಗೆ ಬದುಕುವುದನ್ನು ಕಲಿತಳು.

ಕೊನೆಗೆ ಒಂದು ಆಸ್ಪತ್ರೆಯಲ್ಲಿ ಗೌತಮಿ ಎಂಬ ಸ್ಪೀಚ್ ಥೆರಪಿಸ್ಟ್ ಸಿಕ್ಕಿದಳು. ತನ್ನೂರ ಕಡೆಯ ಮುಳ್ಳೇರಿಯದ ಹುಡುಗಿ, ಕನ್ನಡದವಳು. ಆ ಊರಿನಲ್ಲಿ ಕನ್ನಡ ಕೇಳಿಯೇ ವೆನಿಸ್ಸಾಳಿಗೆ ಅರ್ಧ ಜೀವ ಬಂತು.

"ಗಂಟಲು ಹಿಡಿದು ಮೇಲೆ ಎತ್ತಬೇಡಿ," ಎಂದಳು ಗೌತಮಿ. "ಹೆಂಗಸರ ಸ್ವರ ಅಂದ್ರೆ ಕೀರಲು ಸ್ವರ ಅಲ್ಲ. ಎದೆಯಲ್ಲಿ ಗುಂಯ್ ಅಂತದಲ್ಲ, ಅದನ್ನು ಮೂಗಿನ ಬುಡಕ್ಕೆ, ಹಲ್ಲಿನ ಹಿಂದಕ್ಕೆ ತರಬೇಕು. ಅದಕ್ಕೆ ಹಾಡುವುದೇ ಒಳ್ಳೇದು. ಹಾಡ್ತೀರಲ್ಲ?"

"ಇಲ್ಲ, ನಂಗೆ ಬರೂದಿಲ್ಲ," ಎಂದಳು ವೆನಿಸ್ಸಾ.

ಅದು ಶುದ್ಧ ಸುಳ್ಳು. ಏಳನೇ ಕ್ಲಾಸಿನವರೆಗೆ ಅವಳು ತಾಯಿಯ ಪಕ್ಕದಲ್ಲೇ, ಹೆಂಗಸರ ಸಾಲಿನಲ್ಲಿ ನಿಂತು ಹಾಡಿದವಳು. ಒಂದು ಕ್ರಿಸ್ಮಸ್‌ನ ಅಭ್ಯಾಸದ ದಿನ ಸ್ವರ ನಡುವೆಯೇ ಒಡೆದು ಕೆಳಗೆ ಬಿತ್ತು. ಎಲ್ಲರೂ ನಕ್ಕರು. ಜೆರ್ಟ್ರೂಡ್ ಬಾಯಿಯೂ ನಕ್ಕು, ಹೆಮ್ಮೆಯಿಂದಲೇ ಭುಜ ಹಿಡಿದು ಆಚೆ ತಳ್ಳಿ, "ಹೋಗು ಪುತಾ, ಇನ್ನು ನಿನ್ನ ಜಾಗ ಗಂಡಸರ ಬೆಂಚಿನಲ್ಲಿ," ಎಂದಿದ್ದರು. ನಡುವಿನ ದಾರಿ ಆರು ಹೆಜ್ಜೆಯದು. ಅಂದಿನಿಂದ ವೆನಿಸ್ಸಾ ಬಾಯಿ ಆಡಿಸಿದಳೇ ಹೊರತು ಹಾಡಲಿಲ್ಲ. ಎರ್ನಾಕುಳಂನಲ್ಲಿ ಗೌತಮಿಯ ಒತ್ತಾಯಕ್ಕೆ ಒಂದು ವರ್ಷ ಗುನುಗಿದಳು, ನೀರಿನ ಲೋಟದಲ್ಲಿ ಸ್ಟ್ರಾ ಹಾಕಿ ಊದಿದಳು, ಸ್ವರವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಜಾರಿಸಿದಳು. ಮಾತು ಸ್ವಲ್ಪ ಮೇಲೆ ಬಂತು, ಆದರೆ ಒಣಗಿದ ಹಗ್ಗದ ಹಾಗೆ ಗರಗರ.

ಆಗ ಶಾಲೆಟ್ ಮಂಗಳೂರಿನಿಂದ ಫೋನ್ ಮಾಡಿದಳು. ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿತ್ತು, ಈಗ ಎಡಗಾಲಿನ ಮೂರು ಬೆರಳು ಕತ್ತರಿಸಿದ್ದಾರೆ, ಒಬ್ಬರೇ ಇರಲು ಸಾಧ್ಯವಿಲ್ಲ. ಏಜೆನ್ಸಿಯಿಂದ ಹೋಂ ನರ್ಸ್ ಬುಧವಾರ ಬರುತ್ತಾಳೆ, ಆದರೆ ಮನೆಯವರು ಎಂದು ಒಬ್ಬರು ಬೇಡವೇ? ತನಗೆ ಗಂಡನ ಮನೆ ಬಿಟ್ಟು ಬರಲಾಗುವುದಿಲ್ಲ. ವೆನಿಸ್ಸಾ ತಾನೇ ಬರುತ್ತೇನೆಂದಳು. ತಂಗಿಯ ವಿಷಯ ತಿಳಿದದ್ದು ಮನೆಯಲ್ಲಿ ಶಾಲೆಟ್ ಒಬ್ಬಳಿಗೆ. ಅವಳು, "ಬಾ. ಮಮ್ಮಿಗೆ ನಾನು ಎಲ್ಲ ಹೇಳಿ ಇಡ್ತೇನೆ," ಎಂದಳು. ಏಜೆನ್ಸಿಗೆ ಹೋಂ ನರ್ಸ್ ಬೇಡವೆಂದಳು. ತಾಯಿಗೆ ಮಾತ್ರ ಒಂದಕ್ಷರ ಹೇಳಲಿಲ್ಲ. ನಾಲಿಗೆ ಏಳಲಿಲ್ಲವಂತೆ.

ಬುಧವಾರ ಮಧ್ಯಾಹ್ನ ಬಾಗಿಲು ತೆರೆದೇ ಇತ್ತು. ಜೆರ್ಟ್ರೂಡ್ ಬಾಯಿ ಚಾವಡಿಯ ಮಂಚದಲ್ಲಿ ಕಾಲು ಚಾಚಿ ಕೂತಿದ್ದರು. ಹೆಜ್ಜೆ ಸದ್ದಿಗೆ ಮುಖ ಎತ್ತಿ, ಕೊಂಕಣಿಯಲ್ಲಿ ಯಾರು ಎಂದು ಕೇಳಿದರು.

ವೆನಿಸ್ಸಾಳ ಬಾಯಿಪಾಠ ಅಲ್ಲೇ ಮರೆತುಹೋಯಿತು. ಮನೆಮಾತು ಕೊಂಕಣಿ, ಆದರೆ ಕೊಂಕಣಿಯಲ್ಲಿ ಅವಳಿಗೆ ಇದ್ದದ್ದು ಎಲ್ರೊಯ್‌ನ ಸ್ವರ ಒಂದೇ. ಪ್ರತಿ ಭಾನುವಾರ ಅದೇ ಸ್ವರದಲ್ಲಿ ತಾಯಿಗೆ ಫೋನ್ ಮಾಡುತ್ತಿದ್ದಳು. ಹೊಸ ಸ್ವರ ಕಲಿತದ್ದು ಗೌತಮಿಯ ಹತ್ತಿರ, ಕನ್ನಡದಲ್ಲಿ. ಹಾಗಾಗಿ ಬಾಯಿಗೆ ಕನ್ನಡವೇ ಬಂತು.

"ನಾನು..."

"ಹೋಂ ನರ್ಸಾ? ಇವತ್ತು ಬರ್ತಾಳೆ ಅಂತ ಮಗಳು ಹೇಳಿದ್ಳು. ಬಾ ಒಳಗೆ, ಚಪ್ಪಲಿ ಅಲ್ಲೇ ಬಿಡು. ಹೆಸರೆಂತ ನಿಂದು?"

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆ ಕ್ಷಣದಲ್ಲಿ ವೆನಿಸ್ಸಾ ತಾಯಿಯ ಮುಖ ನೋಡಿದಳು. ಆ ಮುಖ ಅಷ್ಟು ಬತ್ತಿರಬಹುದೆಂದು ಅವಳು ಎಣಿಸಿರಲಿಲ್ಲ. ಈ ಮುಖಕ್ಕೆ ಇವತ್ತೇ ಹೇಳಬೇಕೇ, ನಾಳೆ ಹೇಳಿದರಾಗದೇ ಎನ್ನಿಸಿತು.

"ಗೌತಮಿ," ಎಂದಳು. ಬಾಯಿಗೆ ಬಂದ ಮೊದಲ ಹೆಸರು ಅದು.

ನಾಳೆ ಎಂದವನ ಮನೆ ಹಾಳು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ವಾರ ಕಳೆಯುವಾಗ ಆ ಸುಳ್ಳು ಬಾಯಿಗೆ ಬಿದ್ದ ಬಿಸಿ ತುಪ್ಪವಾಯಿತು. ಶಾಲೆಟ್‌ಗಂತೂ ಹಾಲು ಕುಡಿದಷ್ಟು ಸಂತೋಷ. "ಹೀಗೇ ಇರಲಿ ಮಾರಾಯ್ತಿ, ಮಮ್ಮಿ ನೆಮ್ಮದಿಯಲ್ಲಿ ಇದ್ದಾಳೆ. ಇದು ದೇವರೇ ಮಾಡಿಸಿದ್ದು," ಎಂದಳು. ತಾವು ಮಾಡಬೇಕಾದ್ದನ್ನು ಮಾಡದವರು ದೇವರ ತಲೆಗೆ ಕಟ್ಟುವುದು ಹೊಸತೇನಲ್ಲ. ಊರಿನಲ್ಲಿ ಒಬ್ಬಿಬ್ಬರು ಹಳಬರಿಗೆ ಸಂಶಯ ಬಂದಿರಲೂಬಹುದು. ಆದರೆ ಕೋರೆಯಾಚೆಯ ಆ ಮನೆಗೆ ಬರುತ್ತಿದ್ದವರೇ ಕಡಿಮೆ. ದಿನಾ ಬರುತ್ತಿದ್ದದ್ದು ಪಕ್ಕದ ಆಶಾ ಕಾರ್ಯಕರ್ತೆ ದೇವಕಿ. ಅವಳು ಬೋವಿಕಾನದಿಂದ ಬಂದು ಅಲ್ಲಿ ಮನೆ ಕಟ್ಟಿಸಿದ್ದೇ ನಾಲ್ಕು ವರ್ಷದ ಹಿಂದೆ. ಎಲ್ರೊಯ್‌ನನ್ನು ಕಂಡವಳಲ್ಲ.

ವೆನಿಸ್ಸಾ ತಾಯಿಯನ್ನು ಮೀಯಿಸಿದಳು, ಗಾಯ ತೊಳೆದು ಬಟ್ಟೆ ಕಟ್ಟಿದಳು, ಇನ್ಸುಲಿನ್ ಚುಚ್ಚುವುದನ್ನು ದೇವಕಿಯಿಂದ ಕಲಿತಳು. ತಾಯಿಯನ್ನು ಬಾಯಮ್ಮ ಎಂದು ಕರೆದಳು. ಮೂರನೇ ವಾರ ಜೆರ್ಟ್ರೂಡ್ ಬಾಯಿ ಗಂಜಿ ಉಣ್ಣುತ್ತಾ ಇದ್ದಕ್ಕಿದ್ದಂತೆ ಕೇಳಿದರು.

"ಗೌತಮಿ, ನಿನ್ನ ಸ್ವರ ಎಂತ ಹಾಗೆ? ಯಾವಾಗಲೂ ಶೀತ ಆದ ಹಾಗೆ?"

ವೆನಿಸ್ಸಾ ಇನ್ನೊಂದು ಚಮಚ ಗಂಜಿ ತುಂಬಿದಳು. "ಸಣ್ಣದರಲ್ಲಿ ಗಂಟಲಿಗೆ ಸೀಕಾಗಿತ್ತು ಬಾಯಮ್ಮ."

"ಸೀಕು ಅಲ್ಲ, ನೀನು ಕೆಳಗಿಂದ ಎಳಿತಿ. ನಲವತ್ತು ವರ್ಷ ಹಾಡಿಸಿದವಳು ನಾನು, ನಂಗೆ ಹೇಳ್ಬೇಡ. ಮಧ್ಯಾಹ್ನ ಕೆಲಸ ಆದ ಮೇಲೆ ಇಲ್ಲಿ ಬಂದು ಕೂತುಕೋ. ಸರಿ ಮಾಡುವ."

ಸರಿ ಮಾಡಲು ಅವರು ಹಿಡಿದದ್ದು ವೊವಿಯೊ. ಕೊಂಕಣಿ ಕ್ರಿಸ್ತುವರ ಮದುವೆಗೆ ಹಿಂದಿನ ಸಂಜೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರದಲ್ಲಿ ಹೆಂಗಸರು ಹೇಳುವ ಹಾಡು ಅದು. ಒಬ್ಬಳು ಎತ್ತಿ ಕೊಡಬೇಕು, ಉಳಿದವರು ಹಿಡಿದುಕೊಳ್ಳಬೇಕು. ಎತ್ತಿ ಕೊಡುವವಳು ಆ ಮನೆಯ ಸುದ್ದಿಯನ್ನೂ ನಡುನಡುವೆ ಸೇರಿಸಿ ಕಟ್ಟಬೇಕು. ಸುತ್ತಲಿನ ನಾಲ್ಕು ಇಗರ್ಜಿಗಳ ಮದುವೆಗೆ ಜೆರ್ಟ್ರೂಡ್ ಬಾಯಿಯೇ ಎತ್ತಿ ಕೊಡುತ್ತಿದ್ದರು. ಜೊಕಿಮ್ ತೀರಿಕೊಂಡ ಮೇಲೆ, ಗಂಡನಿಲ್ಲದವಳು ಶುಭಕ್ಕೆ ಸ್ವರ ಎತ್ತಬಾರದೆಂದು ಯಾರೂ ಕರೆಯಲಿಲ್ಲ. ಎದುರಿಗೆ ಯಾರೂ ಹಾಗೆಂದು ಹೇಳಲೂ ಇಲ್ಲ. ಕಣ್ಣು ಹೋದದ್ದಕ್ಕಿಂತ ಅದೇ ಅವರಿಗೆ ಹೆಚ್ಚು ಉರಿದಿತ್ತು.

ಹಾಗೆ ಶುರುವಾಯಿತು. ಅವರು ಎತ್ತುವುದು, ಇವಳು ಹಿಡಿಯುವುದು. ಕೊಂಕಣಿ ಬಾರದವಳ ಹಾಗೆ ವೆನಿಸ್ಸಾ ಬೇಕೆಂದೇ ಶಬ್ದ ತಪ್ಪುತ್ತಿದ್ದಳು. ಜೆರ್ಟ್ರೂಡ್ ಬಾಯಿ ಅವಳ ದವಡೆಗೆ ಕೈಯಿಟ್ಟು ತಿದ್ದುತ್ತಿದ್ದರು. "ಹಾಗಲ್ಲ, ಮೂಗಿಗೆ ತಾ. ಹೊಟ್ಟೆಯಲ್ಲಿ ಎಂತ ಉಂಟು? ಅಲ್ಲಿ ಗಂಜಿ ಮಾತ್ರ ಇರುವುದು. ಸ್ವರ ಮೇಲೆ, ಹಲ್ಲಿನ ಹಿಂದೆ. ತುಟಿ ನಗುವ ಹಾಗೆ ಇರ್ಲಿ. ಕೂಗಬೇಡ, ಕರೆ." ಎರ್ನಾಕುಳಂನ ಗೌತಮಿ ಯಂತ್ರದಲ್ಲಿ ಸ್ವರದ ಗೆರೆ ತೋರಿಸಿ ಹೇಳಿದ್ದನ್ನೇ ಈ ಮುದುಕಿ ಬೆರಳ ತುದಿಯಲ್ಲಿ ಹಿಡಿದು ತೋರಿಸಿದರು. ಎಲ್ಲಿ ಗಂಟಲು ಬಿಗಿಯಿತೋ ಅಲ್ಲಿ ಅವರ ಬೆರಳು ಇರುತ್ತಿತ್ತು. ಹದಿಮೂರರ ಹುಡುಗನನ್ನು ಆಚೆ ದೂಡಿದ್ದ ಕೈ ಈಗ ಅವಳನ್ನು ಹೆಂಗಸರ ಸಾಲಿಗೆ ಎಳೆದು ತರುತ್ತಿತ್ತು. ವೆನಿಸ್ಸಾ ಎಷ್ಟೋ ಮಧ್ಯಾಹ್ನ ಹಾಡಿನ ನಡುವೆ ಕಣ್ಣೊರೆಸಿಕೊಂಡಳು. ಸದ್ದಾಗದಂತೆ ಅಳುವುದನ್ನೂ ಅವಳು ಆ ಮನೆಯಲ್ಲೇ ಕಲಿತಿದ್ದಳು.

ಹಾಡು ಮುಗಿದರೆ ಮಾತು. ಮಾತು ಎಂದರೆ ಮಗನದು. ಜೆರ್ಟ್ರೂಡ್ ಬಾಯಿ ಹೋಂ ನರ್ಸ್‌ಗೆ ತಮ್ಮ ಎಲ್ರೊಯ್‌ನ ಕತೆಯನ್ನು ಒಂದೆಳೆ ಬಿಡದೆ ಹೇಳಿದರು. ಅವನು ಮೂರು ವರ್ಷದವನಿದ್ದಾಗ ಗೇರುಬೀಜ ನುಂಗಿ ಕೆಮ್ಮಿದ್ದು, ಲಾರಿಯ ಸೀಟಿನಡಿ ಅಡಗಿ ಕುಂಬಳೆಯವರೆಗೆ ಹೋದದ್ದು, ಅಕ್ಕನ ಲಂಗ ಉಟ್ಟು ಅಪ್ಪನ ಬೆಲ್ಟಿನ ಪೆಟ್ಟು ತಿಂದದ್ದು, ತಾನು ತಡೆಯದೆ ನಿಂತದ್ದು. ಇಗರ್ಜಿಯ ಬೆಂಚಿನ ಕತೆಯನ್ನೂ ಹೇಳಿದರು. "ನಾನು ನಕ್ಕೆ ಮಗಾ. ಅವನು ಆಮೇಲೆ ಒಂದು ದಿನ ಸರಿಯಾಗಿ ಹಾಡಲಿಲ್ಲ. ನಾನು ಯಾಕೆ ನಕ್ಕೆ?" ವೆನಿಸ್ಸಾ ಅವರ ಕಾಲಿಗೆ ಎಣ್ಣೆ ಉಜ್ಜುತ್ತಾ, ತನ್ನ ಬದುಕನ್ನು ತನಗೆ ಹೇಳುವವರ ಮುಂದೆ ಹೂಂಗುಟ್ಟಿದಳು.

ಭಾನುವಾರ ಬಂದರೆ ಜೆರ್ಟ್ರೂಡ್ ಬಾಯಿ ಮಡಿಲಿನಲ್ಲಿ ಫೋನ್ ಹಿಡಿದು ಕೂರುತ್ತಿದ್ದರು. ವೆನಿಸ್ಸಾ ಬಟ್ಟೆ ಒಗೆದು ಬರುತ್ತೇನೆಂದು ಬಾವಿಯ ಹಿಂದೆ ಹೋಗಿ, ಅಲ್ಲಿಂದ ತಾಯಿಗೆ ಫೋನ್ ಮಾಡುತ್ತಿದ್ದಳು. ಸ್ವರವನ್ನು ಎದೆಗಿಳಿಸಿ, ಕೊಂಕಣಿಯಲ್ಲಿ, ಮಮ್ಮಿ ಹಾಂವ್ ಎಲ್ರೊಯ್, ನಾನು ಎಲ್ರೊಯ್, ಎನ್ನುತ್ತಿದ್ದಳು. ಹತ್ತು ನಿಮಿಷ ತಾಯಿಯ ಬೈಗುಳ, ಅಳು, ಯಾವಾಗ ಬರುತ್ತಿ ಎಂಬ ಪ್ರಶ್ನೆ. ರಜೆ ಇಲ್ಲ ಮಮ್ಮಿ. ಒಳಗೆ ಬಂದರೆ ಅದೇ ತಾಯಿ ಮುಖ ಬೆಳಗಿಸಿಕೊಂಡು ಹೇಳುತ್ತಿದ್ದರು: "ಮಗ ಫೋನ್ ಮಾಡಿದ್ದ. ಅವನ ಸ್ವರ ಕೇಳ್ಬೇಕು ನೀನು, ಅಪ್ಪಂದೇ. ಜೊಕಿಮ್ ಎದ್ದು ಬಂದು ಮಾತಾಡಿದ ಹಾಗೆ. ಕಣ್ಣು ಹೋದವಳಿಗೆ ಇನ್ನೆಂತ ಉಂಟು ಹೇಳು? ಆ ಸ್ವರವೇ ನನ್ನ ಮಗ, ಅದೇ ನನ್ನ ಗಂಡ."

ವೆನಿಸ್ಸಾ ದ್ವೇಷಿಸಿದ ಸ್ವರವೇ ಆ ಮುದುಕಿಯ ಉಸಿರು. ಆ ಹತ್ತು ನಿಮಿಷಕ್ಕೆ ವಾರವಿಡೀ ಕಟ್ಟಿದ್ದು ಕುಸಿಯುತ್ತಿತ್ತು. ಭಾನುವಾರ ಇಳಿಸಿದ ಗಂಟಲು ಮಂಗಳವಾರದವರೆಗೆ ಮೇಲೆ ಏಳುತ್ತಿರಲಿಲ್ಲ. ಸೋಮವಾರದ ಹಾಡಿಗೆ ಜೆರ್ಟ್ರೂಡ್ ಬಾಯಿ ಬೇಸರದಿಂದ, "ನಿನ್ನೆ ಎಂತ ತಿಂದದ್ದು ಮಾರಾಯ್ತಿ? ಸ್ವರ ಪುನಃ ಕೆಳಗೆ ಬಿದ್ದಿದೆ," ಎನ್ನುತ್ತಿದ್ದರು. ಎರ್ನಾಕುಳಂನಿಂದ ಗೌತಮಿ ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದಳು: "ಒಂದೇ ಗಂಟಲಿನಲ್ಲಿ ಎರಡು ಜನ ಸಂಸಾರ ಮಾಡ್ಲಿಕ್ಕೆ ಆಗುವುದಿಲ್ಲ. ಈಗ ಬಿಡದಿದ್ರೆ ಇದು ಯಾವತ್ತೂ ಕೂರುವುದಿಲ್ಲ."

ಒಂದು ವರ್ಷ ಎರಡನ್ನೂ ಹಿಡಿದಳು. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಬಾವಿಯ ಹಿಂದೆ ನಿಂತು ಫೋನ್ ತೆಗೆದವಳಿಗೆ, ಆ ಸ್ವರವನ್ನು ಬಾಯಿಗೆ ತರುವಾಗ ವಾಂತಿ ಬಂತು. ನಿಜಕ್ಕೂ ವಾಂತಿ ಮಾಡಿಕೊಂಡಳು. ಆಮೇಲೆ ಫೋನ್ ಮಾಡಲಿಲ್ಲ. ಅವಳದು ಸ್ವಾರ್ಥ ಎನ್ನುವವರು ಎನ್ನಲಿ. ಮೂವತ್ತೆರಡು ವರ್ಷ ಬೇರೆಯವರ ಸ್ವರದಲ್ಲಿ ಬದುಕಿದವಳಿಗೆ ಅಷ್ಟು ಸ್ವಾರ್ಥದ ಹಕ್ಕೂ ಇಲ್ಲವೆಂದರೆ ಅದು ಎಲ್ಲಿಯ ನ್ಯಾಯ? ಶಾಲೆಟ್ ತಾಯಿಗೆ ಸುಳ್ಳೊಂದನ್ನು ಹೊಸೆದು ಕೊಟ್ಟಳು. ಎಲ್ರೊಯ್‌ಗೆ ಹಡಗಿನಲ್ಲಿ ಕೆಲಸ ಸಿಕ್ಕಿದೆ, ಸಮುದ್ರದ ನಡುವೆ ಫೋನ್ ಸಿಗುವುದಿಲ್ಲ ಎಂದಳು. ಜೆರ್ಟ್ರೂಡ್ ಬಾಯಿ ನಂಬಿದರು. ಆದರೂ ಭಾನುವಾರ ಫೋನ್ ಮಡಿಲಿನಲ್ಲಿ ಇಟ್ಟುಕೊಂಡೇ ಕೂರುತ್ತಿದ್ದರು.

ಬಿಟ್ಟದ್ದೇ ಬಿಟ್ಟದ್ದು, ಸ್ವರ ಕುದುರಿತು. ಮೂರು ತಿಂಗಳಿಗೆ ಗರಗರ ಹೋಯಿತು. ಆರು ತಿಂಗಳಿಗೆ ಜೆರ್ಟ್ರೂಡ್ ಬಾಯಿ ಎತ್ತಿದ ಎತ್ತರಕ್ಕೆ ಇವಳು ಹಿಡಿದು, ಅವರು ಉಸಿರು ಸಾಲದೆ ನಿಲ್ಲಿಸಿದಲ್ಲಿಂದ ಮುಂದೆ ಒಬ್ಬಳೇ ಹೋದಳು. ಮಾತ್ರೆ ತರಲು ಮುಳ್ಳೇರಿಯಕ್ಕೆ ಹೋದ ದಿನ, ಬರುವ ಬಸ್ಸಿನಲ್ಲಿ ಟಿಕೆಟು ಕೇಳಿದರೆ ಕಂಡಕ್ಟರ್ ತಿರುಗಿಯೂ ನೋಡದೆ, "ಚೇಚಿ, ಸ್ವಲ್ಪ ಒಳಗೆ ಹೋಗಿ," ಎಂದ. ಬೆನ್ನು ತಿರುಗಿಸಿ ನಿಂತಿದ್ದವನು ಬರೀ ಸ್ವರ ಕೇಳಿ ಅಕ್ಕ ಎಂದಿದ್ದ. ವೆನಿಸ್ಸಾ ಸೀತಾಂಗೋಳಿಯಲ್ಲಿ ಇಳಿಯುವುದನ್ನು ಮರೆತು ಕುಂಬಳೆಗೆ ಹೋಗಿಬಿಟ್ಟಳು. ತಿರುಗಿ ಬಂದಾಗ ಜೆರ್ಟ್ರೂಡ್ ಬಾಯಿ ದೇವಕಿಯನ್ನು ಕೂರಿಸಿಕೊಂಡು ಕಾಯುತ್ತಿದ್ದರು. "ದೇವಕಿ, ನಮ್ಮ ಹುಡುಗಿಯ ಸ್ವರ ಕೇಳು. ಬರುವಾಗ ಕಾಗೆ, ಈಗ ನೋಡು. ನಾನು ಮಾಡಿದ್ದು." ವೆನಿಸ್ಸಾ ಹಾಡಿದಳು. ಅವಳ ಬದುಕಿನಲ್ಲಿ ಅಷ್ಟು ಸುಖದ ಸಂಜೆ ಹಿಂದೆ ಇರಲಿಲ್ಲ, ಆಮೇಲೂ ಬರಲಿಲ್ಲ. ತಾಯಿ ನಮ್ಮ ಹುಡುಗಿ ಎಂದಿದ್ದರು. ಯಾರನ್ನು ಎಂದು ಅವರಿಗೆ ಗೊತ್ತಿರಲಿಲ್ಲ.

ಮರುವರ್ಷ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಮಾಡಿಸಿಕೊಳ್ಳಲು ಮುದುಕಿ ಒಪ್ಪಲಿಲ್ಲ. ಹಾಸಿಗೆ ಹಿಡಿದವರನ್ನು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಜೀಪಿನಲ್ಲಿ ಬಂದು ನೋಡಿ, ದೇವಕಿಯನ್ನು ಅಂಗಳಕ್ಕೆ ಕರೆದು, ಹೇಳಿ ಕಳಿಸಬೇಕಾದವರಿಗೆ ಹೇಳಿ ಕಳಿಸಿ ಎಂದಳು. ಶಾಲೆಟ್ ಬಂದಳು. ಪಾದ್ರಿಗಳು ಬಂದು ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಹೋದರು. ಜೆರ್ಟ್ರೂಡ್ ಬಾಯಿಗೆ ಯಾವುದೂ ಬೇಡ. ಎಲ್ರೊಯ್ ಬಂದನಾ? ಹಡಗು ಎಲ್ಲಿಗೆ ಬಂತು? ಎಚ್ಚರವಿದ್ದಷ್ಟು ಹೊತ್ತು ಅದೊಂದೇ ಪ್ರಶ್ನೆ. ಬಾಗಿಲಿನಲ್ಲಿ ಹೆಜ್ಜೆ ಕೇಳಿದರೆ ಮುಖ ತಿರುಗಿಸುತ್ತಿದ್ದರು.

ಶಾಲೆಟ್ ತಂಗಿಯನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದಳು. "ಒಂದು ಸಲ. ಫೋನಿನಲ್ಲಿ, ಆ ಹಳೇ ಸ್ವರದಲ್ಲಿ, ಒಂದು ನಿಮಿಷ. ನಿನ್ನ ಗಂಟೆಂತ ಹೋಗ್ತದೆ?"

"ಫೋನಿನಲ್ಲಿ ಬೇಡ," ಎಂದಳು ವೆನಿಸ್ಸಾ. "ನಾನು ಇಲ್ಲೇ ಇದ್ದೇನಲ್ಲ. ಹತ್ತಿರ ಕೂತು ಹೇಳ್ತೇನೆ. ಎಲ್ಲ ಹೇಳ್ತೇನೆ. ಮಗ ಬಂದಿದ್ದಾನೆ, ಎರಡು ವರ್ಷದಿಂದ ಇಲ್ಲೇ ಇದ್ದ ಅಂತ ತಿಳಿದು ಹೋಗಲಿ."

ಶಾಲೆಟ್ ಮಾತಾಡಲಿಲ್ಲ. ಮೌನವನ್ನು ಒಪ್ಪಿಗೆ ಎಂದು ತಿಳಿದದ್ದು ವೆನಿಸ್ಸಾಳ ತಪ್ಪು. ಆ ಅಕ್ಕನನ್ನು ಅಷ್ಟು ವರ್ಷ ಬಲ್ಲವಳು ಹಾಗೆ ತಿಳಿಯಬಾರದಿತ್ತು.

ಬೆಳಗ್ಗೆ ಹತ್ತರ ಹೊತ್ತು. ಜೆರ್ಟ್ರೂಡ್ ಬಾಯಿಗೆ ಚೆನ್ನಾಗಿ ಎಚ್ಚರವಿತ್ತು. ವೆನಿಸ್ಸಾ ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದಳು. ಕಣ್ಣು ಮುಚ್ಚಿ, ವರ್ಷದ ಮೇಲೆ ಮುಟ್ಟದೆ ಬಿಟ್ಟ ಆ ಜಾಗಕ್ಕೆ, ಎದೆಯ ತಳಕ್ಕೆ ಸ್ವರವನ್ನು ಇಳಿಸಿದಳು.

"ಮಮ್ಮಿ. ಹಾಂವ್ ಎಲ್ರೊಯ್."

ಮುದುಕಿಯ ಮುಖ ಒಮ್ಮೆ ಅರಳಿತು. ಅರಳಿದ್ದನ್ನು ವೆನಿಸ್ಸಾ ಕಂಡಳು, ಸುಳ್ಳಲ್ಲ. ಆಮೇಲೆ ಅವರ ಬೆರಳುಗಳು ತಾವು ಹಿಡಿದ ಕೈಯ ಮೇಲೆ ಮೆಲ್ಲಗೆ ಓಡಾಡಿದವು. ದಿನಕ್ಕೆ ಹತ್ತು ಸಲ ಮೈ ತೊಳೆದು ಮಗ್ಗುಲು ತಿರುಗಿಸಿದ ಕೈ, ಪಿನಾಯಿಲಿಗೆ ಒಡೆದ ಬೆರಳು, ಎಡಗೈಯ ಎರಡು ತೆಳು ಬಳೆ. ಅರಳಿದ ಮುಖ ಮುಚ್ಚಿಕೊಂಡಿತು.

"ಗೌತಮಿ," ಎಂದರು ಕನ್ನಡದಲ್ಲಿ. "ನಿನ್ನ ಕೈ ನಂಗೆ ಗೊತ್ತಾಗುವುದಿಲ್ವಾ?"

"ಗೌತಮಿ ಅಲ್ಲ ಮಮ್ಮಿ, ನಾನು..." ಸ್ವರ ನಡುವೆ ಜಾರಿತು. ಕೆಳಗೆ ನಿಲ್ಲಲಿಲ್ಲ, ಮೇಲಕ್ಕೂ ಬರಲಿಲ್ಲ. ತನಗೇ ಅದು ಯಾರೋ ಗಂಡಸರನ್ನು ಅಣಕಿಸಿದಂತೆ ಕೇಳಿಸಿತು. ಅವಳು ಗಾಬರಿಯಿಂದ ಕೊಂಕಣಿಯಲ್ಲಿ ಒಂದೇ ಸಮನೆ ಹೇಳುತ್ತಾ ಹೋದಳು. ಗೇರುಬೀಜ ನುಂಗಿದ್ದು, ಲಾರಿಯ ಸೀಟಿನಡಿ ಅಡಗಿದ್ದು, ಅಕ್ಕನ ಲಂಗ, ಅಪ್ಪನ ಬೆಲ್ಟು, ಗಂಡಸರ ಬೆಂಚು.

"ಅದೆಲ್ಲ ನಾನೇ ಹೇಳಿದ್ದಲ್ವಾ ನಿಂಗೆ?" ಎಂದರು ಜೆರ್ಟ್ರೂಡ್ ಬಾಯಿ. ಕೋಪವಿರಲಿಲ್ಲ, ತುಂಬಾ ಆಯಾಸವಿತ್ತು. "ಕೊಂಕಣಿ ಕಲಿಸಿದ್ದೂ ನಾನೇ. ಇದಕ್ಕಾ ಕಲಿಸಿದ್ದು? ಸಾಯುವವಳ ಹತ್ತಿರ ಸುಳ್ಳು ಹೇಳಬಾರದು ಮಗಾ. 'ಪಾಪ, ಮುದುಕಿ' ಅಂತ ನಿಂಗೆ ಕಂಡದ್ದು, ಗೊತ್ತುಂಟು ನಂಗೆ." ಬಾಗಿಲಿನ ಕಡೆ ಮುಖ ತಿರುಗಿಸಿದರು. ಅಲ್ಲಿ ನಿಂತವಳ ಉಸಿರು ಅವರಿಗೆ ಕೇಳಿಸಿತ್ತು. "ಶಾಲೆಟ್, ಈ ಹುಡುಗಿಗೆ ನೀನು ಹೇಳಿ ಕೊಟ್ಟದ್ದಾ ಇದು?"

ವೆನಿಸ್ಸಾ ಅಕ್ಕನನ್ನು ನೋಡಿದಳು. ಇಡೀ ಜಗತ್ತಿನಲ್ಲಿ ಒಂದು ಮಾತು ಹೇಳಬಲ್ಲವಳು ಅವಳೊಬ್ಬಳು. ಇಲ್ಲ ಮಮ್ಮಿ, ಇವಳು ಹೇಳುತ್ತಿರುವುದು ನಿಜ. ಅಷ್ಟೇ ಬೇಕಿತ್ತು. ಅಂಗಳದಲ್ಲಿ ದೇವಕಿ ಇದ್ದಳು, ಇಗರ್ಜಿಯ ವಾರ್ಡಿನ ನಾಲ್ಕು ಹೆಂಗಸರು ಜಪಮಾಲೆ ಹಿಡಿದು ಕೂತಿದ್ದರು. ಶಾಲೆಟ್ ಅವರ ಕಡೆಗೊಮ್ಮೆ ನೋಡಿದಳು, ನೆಲ ನೋಡಿದಳು.

"ಹೌದು ಮಮ್ಮಿ," ಎಂದಳು. "ತಪ್ಪಾಯ್ತು."

ವೆನಿಸ್ಸಾ ತಲೆ ತಗ್ಗಿಸಿ ಅಳತೊಡಗಿದಳು. ಜೆರ್ಟ್ರೂಡ್ ಬಾಯಿಯೇ ಅವಳ ಕೈಯನ್ನು ಮೆಲ್ಲಗೆ ತಟ್ಟಿದರು, ಸಮಾಧಾನ ಮಾಡುವವರ ಹಾಗೆ. ಅವರಿಗೆ ಸಿಟ್ಟು ಬಂದಿದ್ದರೇ ಚೆನ್ನಾಗಿರುತ್ತಿತ್ತು.

"ಅಳಬೇಡ. ನೀನು ಒಳ್ಳೆ ಹುಡುಗಿ. ನಂಗೆ ಒಂದು ಕೆಲಸ ಮಾಡಿ ಕೊಡು. ಅವನು ಬಂದೇ ಬರ್ತಾನೆ, ನಾನು ಹೋದ ಮೇಲಾದ್ರೂ ಬರ್ತಾನೆ. ಆವಾಗ ಹೇಳು, ನಾನು ಕಾದೆ ಅಂತ. ಕ್ಷಮಿಸಿದೆ ಅಂತ ಹೇಳಬೇಡ, ಅದು ನಿಜವಾ ಅಂತ ನಂಗೇ ಗೊತ್ತಿಲ್ಲ. ಕಾದೆ ಅಂತ ಮಾತ್ರ ಹೇಳು. ಹೇಳ್ತಿಯಲ್ಲ?"

"ಹೇಳ್ತೇನೆ ಬಾಯಮ್ಮ," ಎಂದಳು ವೆನಿಸ್ಸಾ. ಆ ಮನೆಯಲ್ಲಿ ಕಲಿತ ಸ್ವರದಲ್ಲಿಯೇ ಎಂದಳು. ಬೇರೆ ಸ್ವರ ಇನ್ನು ಅವಳಲ್ಲಿ ಇರಲಿಲ್ಲ.

ಮರುದಿನ ಮಧ್ಯಾಹ್ನದ ಒಳಗೆ ಜೆರ್ಟ್ರೂಡ್ ಬಾಯಿ ತೀರಿಕೊಂಡರು. ಮಣ್ಣಿಗೆ ಇಳಿಸುವಾಗ ಮೊದಲು ಮನೆಯವರು ಹಿಡಿ ಮಣ್ಣು ಹಾಕಬೇಕು. ಶಾಲೆಟ್ ಹಾಕಿದಳು, ಅವಳ ಗಂಡ ಮೆಲ್ವಿನ್ ಹಾಕಿದ, ದೂರದ ನೆಂಟರು ಹಾಕಿದರು. ಮಗನ ಜಾಗದಲ್ಲಿ ಯಾರೋ ಸೋದರಳಿಯನನ್ನು ಮುಂದೆ ನಿಲ್ಲಿಸಿದ್ದರು. ಹೋಂ ನರ್ಸ್ ಹೆಂಗಸರ ಸಾಲಿನಲ್ಲಿ, ಹಿಂದೆ, ಸೆರಗು ಬಾಯಿಗೊತ್ತಿ ನಿಂತಿದ್ದಳು. ಪಕ್ಕದಲ್ಲಿ ದೇವಕಿ ಇದ್ದಳು.

"ಹೊಟ್ಟೆಯಲ್ಲಿ ಹುಟ್ಟಿದವ ಬರಲಿಲ್ಲ ನೋಡು," ಎಂದಳು ದೇವಕಿ, ಮೂಗೊರೆಸಿಕೊಳ್ಳುತ್ತಾ. "ಆ ಬಾಯಮ್ಮ ಅವನಿಗೆ ಎಂತಾದ್ರೂ ಹೇಳಿ ಹೋದ್ರಾ?"

"ನಾನು ಕಾದೆ ಅಂತ ಹೇಳು ಅಂದ್ರು ದೇವಕಿಯಕ್ಕ."

"ಹೇಳಿದ್ಯಾ ಅವನಿಗೆ?"

"ಹೇಳಿದೆ."

"ಎಂತ ಹೇಳಿದ ಅವ?"

ವೆನಿಸ್ಸಾ ಬಾಯಿಂದ ಸೆರಗು ತೆಗೆದಳು.

"ಎಂತದೂ ಹೇಳ್ಲಿಲ್ಲ," ಎಂದಳು.